ಹೋಮ್ ಕೇರ್ ತಂಡದಲ್ಲಿ ಒಬ್ಬರಿಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾಗಬೇಕಾದರೆ

ವಾರ್ಡಿನಲ್ಲಿ ಒಂದು ಅನುಕೂಲ ಇದೆ. ರಾತ್ರಿ ಡ್ಯೂಟಿಯ ಸಿಸ್ಟರ್ ಹೊರಡುವ ಹೊತ್ತಿಗೆ ಬೆಳಗಿನ ಸಿಸ್ಟರ್ ಬಂದಿರುತ್ತಾರೆ. ಇಬ್ಬರೂ ಒಂದೇ ಫೈಲ್ ಮುಂದಿಟ್ಟುಕೊಂಡು ಮಾತಾಡುತ್ತಾರೆ. ಡೌಟ್ ಬಂದರೆ ಕೇಳೋಕೆ ಸೀನಿಯರ್ ಅಲ್ಲೇ ಓಡಾಡುತ್ತಿರುತ್ತಾರೆ. ಆಸ್ಪತ್ರೆಯಿಂದ ಮನೆಮನೆಗೆ ಹೋಗುವ ಹೋಮ್ ಕೇರ್‌ನಲ್ಲಿ ಇದ್ಯಾವುದೂ ಇಲ್ಲ. ಬೆಳಿಗ್ಗೆ ಕೇಶ್ವಾಪುರದ ಒಂದು ಮನೆಗೆ ಹೋಗುವ ಸಿಸ್ಟರ್, ಸಂಜೆ ಅದೇ ಮನೆಗೆ ಹೋಗುವ ಫಿಜಿಯೋ, ಇಬ್ಬರೂ ವಾರಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಬಹುದು. ಒಬ್ಬರು ಧಾರವಾಡದ ಸಪ್ತಾಪುರದಲ್ಲಿರುವಾಗ ಇನ್ನೊಬ್ಬರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ಒಬ್ಬರು ಕಲಿತದ್ದು ಅವರ ತಲೆಯಲ್ಲೇ ಉಳಿಯುತ್ತದೆ. ಅವರು ಕೆಲಸ ಬಿಟ್ಟರೆ ಅದೂ ಅವರ ಜೊತೆ ಹೋಗುತ್ತದೆ.

ಹೋಮ್ ಕೇರ್ ತಂಡ ನೋಡಿಕೊಳ್ಳುವ ಕೋಆರ್ಡಿನೇಟರ್‌ಗಳಿಗೆ, ನರ್ಸಿಂಗ್ ಇನ್‌ಚಾರ್ಜ್‌ಗಳಿಗೆ, ಆಯಾಗಳಿಗೆ, ಅಟೆಂಡರ್‌ಗಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ನಡೆಯುವ ಕೆಲಸ ಇಟ್ಟುಕೊಂಡೇ ಹೇಳುತ್ತೇನೆ. ಗದಗ, ಹಾವೇರಿಯವರಿಗೆ ಬೇಕಾಗುವ ಒಂದೆರಡು ಮಾತು ಕೊನೆಯ ಕಡೆ ಇವೆ.

1. ಯಾರಿಗೆ ಏನು ಗೊತ್ತಿದೆ ಅಂತ ಮೊದಲು ನೋಡಿ

ಡಾಕ್ಟರ್ ಒಂದು ಮನೆಯಲ್ಲಿ ಹತ್ತು ನಿಮಿಷ ಇರುತ್ತಾರೆ. ಸಿಸ್ಟರ್ ಮುಕ್ಕಾಲು ಗಂಟೆ. ಫಿಜಿಯೋ ಒಂದು ಗಂಟೆ. ಆಯಾ ಮಾತ್ರ ಹನ್ನೆರಡು ತಾಸು. ಯಾರು ಜಾಸ್ತಿ ನೋಡುತ್ತಾರೆ? ಯಾರು ಕಡಿಮೆ ಮಾತಾಡುತ್ತಾರೆ? ಎರಡಕ್ಕೂ ಉತ್ತರ ಒಂದೇ. ತಂಡದಲ್ಲಿ ಮಾಹಿತಿ ಹರಿಯುತ್ತಿಲ್ಲ ಅಂತ ಯಾರಾದರೂ ದೂರಿದರೆ ನಾನು ಮೊದಲು ಕೇಳುವುದು, ಮೀಟಿಂಗ್‌ನಲ್ಲಿ ಆಯಾಗಳು ಎಲ್ಲಿ ಕೂರುತ್ತಾರೆ ಅಂತ. ಸಾಮಾನ್ಯವಾಗಿ ಅವರನ್ನು ಕರೆದೇ ಇರುವುದಿಲ್ಲ.

ಒಂದು ಮನೆಯ ಕಥೆ ಹೇಳುತ್ತೇನೆ. ಅಜ್ಜಿಗೆ ಶುಗರ್. ಸೀಸೆಯ ಇನ್ಸುಲಿನ್, ದಿನಕ್ಕೆ ಎರಡು ಸಲ. ಶುಗರ್ ಹಿಡಿತದಲ್ಲೇ ಇತ್ತು, ಇದ್ದಕ್ಕಿದ್ದ ಹಾಗೆ ಏರತೊಡಗಿತು. ಡೋಸ್ ಜಾಸ್ತಿ ಮಾಡಿದರೂ ಇಳಿಯಲಿಲ್ಲ. ಮಾವಿನ ಹಣ್ಣಿನ ಕಾಲ, ಎಲ್ಲರೂ ಅದರ ಮೇಲೇ ಹಾಕಿದರು. ಸೊಸೆಗೆ ಬೈಗುಳವೂ ಆಯಿತು. ಕೊನೆಗೆ ಆಯಾನ ಕೇಳಿದಾಗ ಅವರು ಅಂದದ್ದು ಇಷ್ಟೇ: "ಹಣ್ಣು ಕೊಟ್ಟಿಲ್ರೀ ಸಿಸ್ಟರ್. ಆದ್ರ ಈಗ ಬರೋ ಸೂಜಿ ಮುಚ್ಚಳ ಬ್ಯಾರೆ ಐತಿ. ಮದ್ಲ ಕೆಂಪ ಇತ್ತು, ಈಗ ಕಿತ್ತಳಿ ಬಣ್ಣದ್ದು."

ವಿಷಯ ಅಲ್ಲೇ ಇತ್ತು. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ, 40 ಅಂತ ಬರೆದಿರುವ ಸಿರಿಂಜ್ ಬೇಕು. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಇನ್ಸುಲಿನ್‌ಗೆ. ಮಗ ಹೊಸ ಅಂಗಡಿಯಿಂದ ಸಿರಿಂಜ್ ತಂದಿದ್ದ, ಅಂಗಡಿಯವನು ಕೈಗೆ ಸಿಕ್ಕಿದ್ದು ಕೊಟ್ಟಿದ್ದ. 40ರ ಸೀಸೆಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 8 ಯೂನಿಟ್ ಮಾತ್ರ. ಇದು ಉಲ್ಟಾ ಆಗಿದ್ದರೆ ಇನ್ನೂ ಕಷ್ಟ. ಇನ್ಸುಲಿನ್ ಚುಚ್ಚುವ ಪೆನ್ನಿನ ಕಾರ್ಟ್ರಿಜ್‌ನಲ್ಲಿ ಇರುವುದು ಸಾಮಾನ್ಯವಾಗಿ 100ರ ಇನ್ಸುಲಿನ್. ಪೆನ್ ಕೆಟ್ಟಿದೆ ಅಂತ ಅದರಿಂದ 40ರ ಸಿರಿಂಜಿನಲ್ಲಿ 20ರವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಶುಗರ್ ಇಳಿದು ಪ್ರಾಣಕ್ಕೇ ಬರಬಹುದು.

ಆಯಾಗೆ ಮುಚ್ಚಳದ ಬಣ್ಣ ಬದಲಾದದ್ದು ಮೊದಲ ದಿನವೇ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವರು ಹೇಳಲಿಲ್ಲ. ಅದು ಅವರ ತಪ್ಪಲ್ಲ. "ನಿನ್ನೆಗಿಂತ ಇವತ್ತು ಏನು ಬೇರೆ ಕಂಡಿತು?" ಅಂತ ದಿನಾ ಕೇಳುವವರು ಒಬ್ಬರು ಇದ್ದಿದ್ದರೆ ಸಾಕಿತ್ತು. ಈ ಲೇಖನದ ಉಳಿದ ಭಾಗವೆಲ್ಲ ಈ ಪ್ರಶ್ನೆಯನ್ನು ದಿನದ ಕೆಲಸದೊಳಗೆ ಸೇರಿಸುವುದು ಹೇಗೆ ಅನ್ನುವುದರ ಬಗ್ಗೆಯೇ.

2. ಪ್ರತಿ ಮನೆಗೂ ಒಂದು ಹಾಳೆ

ಡಿಸ್ಚಾರ್ಜ್ ಕಾರ್ಡಿನಲ್ಲಿ ಕಾಯಿಲೆ ಇರುತ್ತದೆ, ಮಾತ್ರೆ ಇರುತ್ತದೆ. ಮನೆ ಇರುವುದಿಲ್ಲ. ಮನೆಯ ಬಗ್ಗೆ ಒಂದು ಹಾಳೆ ಬೇಕು, ಒಂದೇ ಹಾಳೆ. ಎರಡನೇ ಪುಟಕ್ಕೆ ಹೋದರೆ ಯಾರೂ ಓದುವುದಿಲ್ಲ.

ಅದರಲ್ಲಿ ಏನೇನು ಬರೆಯಬೇಕು? ಹೊಸ ಸಿಸ್ಟರ್ ಒಬ್ಬರು ನಾಳೆ ಬೆಳಿಗ್ಗೆ ಆ ಮನೆಗೆ ಒಬ್ಬರೇ ಹೋಗಬೇಕಾದರೆ ಏನು ಕೇಳುತ್ತಾರೋ ಅದನ್ನು. ನಾಯಿ ಇದೆಯೇ, ಕಟ್ಟಿರುತ್ತಾರೆಯೇ. ಅಜ್ಜನಿಗೆ ಯಾವ ಕಿವಿ ಕೇಳುತ್ತದೆ. ಯಾವ ಕೈಯಲ್ಲಿ ರಕ್ತನಾಳ ಸಿಗುತ್ತದೆ. ಮಗ ಬೆಂಗಳೂರಿನಲ್ಲಿದ್ದು ಫೋನಿನಲ್ಲೇ ತೀರ್ಮಾನ ಮಾಡುತ್ತಾರೆಯೇ, ಇಲ್ಲಿ ಕೈಯಾರೆ ಮಾಡುವವರು ಸೊಸೆಯೇ. ಇಬ್ಬರಿಗೂ ಬೇರೆ ಬೇರೆ ಹೇಳಬೇಕಾಗುತ್ತದೆ, ಅದಕ್ಕೇ ಇದು ಮುಖ್ಯ. ಮನೆಯಲ್ಲಿ ಕನ್ನಡವೋ, ಉರ್ದುವೋ, ಮರಾಠಿಯೋ. ಸೋಮವಾರ ಉಪವಾಸವೇ, ರಂಜಾನ್ ರೋಜಾ ಹಿಡಿಯುತ್ತಾರೆಯೇ. ಶುಗರ್ ಪೇಷಂಟ್ ಆದರೆ ಉಪವಾಸದ ವಿಷಯ ಡಾಕ್ಟರ್‌ಗೆ ಮೊದಲೇ ಗೊತ್ತಾಗಬೇಕು.

ನಳ ಬರುವ ದಿನ ಬರೆಯುವುದನ್ನು ಮರೆಯಬೇಡಿ. ಅವಳಿ ನಗರದಲ್ಲಿ ಇಡೀ ದಿನ ನೀರಿರುವ ಓಣಿಗಳೂ ಇವೆ, ಕೆಲವು ದಿನಗಳಿಗೊಮ್ಮೆ ಬರುವ ಓಣಿಗಳೂ ಇವೆ. ನಳ ಬಂದ ಹೊತ್ತಿನಲ್ಲಿ ಡ್ರೆಸಿಂಗ್‌ಗೆ ಹೋದರೆ ಮನೆಯಲ್ಲಿ ಒಬ್ಬರೂ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ, ನೋಡಬೇಕು ಅಂತ ಬಯಸುವುದೂ ತಪ್ಪು. ನೀರು ಮುಗಿದ ದಿನ ಹೋದರೆ ಕೈ ತೊಳೆಯೋಕೆ ಒಂದು ಚೊಂಬು. ಹ್ಯಾಂಡ್ ರಬ್ (ಕೈಗೆ ಹಚ್ಚುವ ಸ್ಯಾನಿಟೈಸರ್) ಬಾಟಲಿ ಬ್ಯಾಗಿನಲ್ಲಿ ಇರಲೇಬೇಕು. ಆದರೆ ಕೈಗೆ ಕಣ್ಣಿಗೆ ಕಾಣುವ ಹೊಲಸು ಹತ್ತಿದ್ದರೆ ಸೋಪು-ನೀರೇ ಬೇಕು, ರಬ್ ಸಾಲದು.

ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಮಷಿನ್, ಇರುವ ಮನೆಯಾದರೆ ಕರೆಂಟಿನ ಒಂದು ಸಾಲು: ಇನ್ವರ್ಟರ್ ಮೇಲೆ ಮಷಿನ್ ಎಷ್ಟು ಹೊತ್ತು ಓಡುತ್ತದೆ, ಸಿಲಿಂಡರ್ ಎಲ್ಲಿದೆ, ಅದನ್ನು ತೆರೆಯೋಕೆ ಬರುವವರು ಮನೆಯಲ್ಲಿ ಯಾರು. ಹೆಸ್ಕಾಂನವರು ಲೈನ್ ತೆಗೆಯುವುದಾಗಿ ತಿಳಿಸಿದ ದಿನ ಈ ಸಾಲು ಇರುವ ಮನೆಗಳಿಗೆಲ್ಲ ಕೋಆರ್ಡಿನೇಟರ್ ಹಿಂದಿನ ದಿನವೇ ಫೋನ್ ಮಾಡಬಹುದು.

ಇನ್ನೊಂದು ಸಾಲನ್ನು ಎಲ್ಲರೂ ಬಿಡುತ್ತಾರೆ: ಮಾಡಿ ನೋಡಿ ಫಲ ಕೊಡದೆ ಹೋದದ್ದು. ಇಂಥ ಟೇಪಿಗೆ ಚರ್ಮ ಕೆಂಪಾಗುತ್ತದೆ, ಗಾಳಿ ಹಾಸಿಗೆಯ ಸದ್ದಿಗೆ ನಿದ್ದೆ ಬರುವುದಿಲ್ಲ ಅಂತ ರಾತ್ರಿ ಆಫ್ ಮಾಡುತ್ತಾರೆ, ಹೀಗೆ. ಇದನ್ನು ಬರೆಯದಿದ್ದರೆ ಹೊಸಬರು ಬಂದು ಅದನ್ನೇ ಮತ್ತೆ ಮಾಡುತ್ತಾರೆ.

ಹಾಳೆಯ ಒಂದು ಪ್ರತಿ ಮನೆಯಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ, ಒಂದು ಪ್ರತಿ ಆಫೀಸಿನಲ್ಲಿ. ಪ್ರತಿ ಸಾಲಿಗೂ ತಾರೀಕು. ಹಳೆಯದಾದರೆ ಗೀಟು ಹೊಡೆಯಿರಿ, ಅಳಿಸಬೇಡಿ. ಮನೆಯ ಪ್ರತಿಯನ್ನು ಬಂದುಹೋಗುವ ನೆಂಟರೂ ಓದುತ್ತಾರೆ ಅಂದುಕೊಂಡೇ ಬರೆಯಿರಿ. ಅಣ್ಣ-ತಮ್ಮಂದಿರ ಜಗಳ, ಕುಡಿತ, ಮುಚ್ಚಿಡಬೇಕಾದ ಕಾಯಿಲೆ, ಇವು ಅಲ್ಲಿ ಬೇಡ.

3. ಹ್ಯಾಂಡೋವರ್: ನಾಲ್ಕು ಮಾತಿನಲ್ಲಿ ಹೇಳುವುದು

ಫೋನಿನಲ್ಲಿ ಡಾಕ್ಟರ್‌ಗೆ ವಿಷಯ ಹೇಳುವಾಗ ಅನೇಕರು ಕಥೆಯನ್ನು ಮೊದಲಿನಿಂದ ಶುರು ಮಾಡುತ್ತಾರೆ. ಮುಖ್ಯ ಮಾತು ಬರುವ ಹೊತ್ತಿಗೆ ಆ ಕಡೆಯವರಿಗೆ ಇನ್ನೊಂದು ಕರೆ ಬಂದಿರುತ್ತದೆ. ಇದಕ್ಕೆ ಎಸ್‌ಬಿಎಆರ್ ಅನ್ನುವ ಒಂದು ಕ್ರಮ ಇದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿದ್ದು, ಅಲ್ಲಿನ ಆಸ್ಪತ್ರೆಗಳಿಗೆ 2000ದ ಆಸುಪಾಸಿನಲ್ಲಿ ಬಂತು, ಈಗ ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಹೇಳಿಕೊಡುತ್ತಾರೆ. ಹೆಸರು ನೆನಪಿರದಿದ್ದರೂ ಪರವಾಗಿಲ್ಲ. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನಿಸುತ್ತದೆ, ಏನು ಮಾಡಬೇಕು. ಇಷ್ಟೇ.

ಕೇಳಿದರೆ ಹೀಗಿರುತ್ತದೆ:

"ಸರ್, ಉಣಕಲ್ಲಿನ 7ನೇ ನಂಬರ್ ಮನಿಯಿಂದ ಮಾತಾಡಾಕತ್ತೀನಿ. ಅಜ್ಜಾರಿಗೆ ಮುಂಜಾನಿಂದ ಯೂರಿನ್ ಬ್ಯಾಗಿಗೆ ಬಂದಿಲ್ಲ, ಹೊಟ್ಟಿ ಕೆಳಗ ಗಟ್ಟಿ ಆಗೇತಿ, ನೋವು ಅಂತಾರ. ಕ್ಯಾಥೆಟರ್ ಹಾಕಿ 18 ದಿನ ಆತು, ಹೋದ ವಾರನೂ ಒಮ್ಮೆ ಬ್ಲಾಕ್ ಆಗಿತ್ತು. ನಳಿಗಿ ಎಲ್ಲೂ ಮಡಚಿಲ್ಲ, ನೋಡೀನಿ. ಮತ್ತ ಬ್ಲಾಕ್ ಆಗೇತಿ ಅನಸ್ತೈತಿ. ಬದಲಿ ಮಾಡ್ಲೇನ್ರೀ, ಇಲ್ಲಾ ಕರ್ಕೊಂಡು ಬರಬೇಕೇನ್ರೀ?"

ಅರ್ಧ ನಿಮಿಷದ ಮಾತು. ಡಾಕ್ಟರ್ ಹೇಳಿದ್ದನ್ನು ಸಿಸ್ಟರ್ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು. ಮಾತ್ರೆಯ ಹೆಸರು, ಡೋಸ್ ಇದ್ದರಂತೂ ಕಡ್ಡಾಯ. "ಫಿಫ್ಟೀನ್", "ಫಿಫ್ಟಿ" ಫೋನಿನಲ್ಲಿ ಒಂದರಂತೆ ಇನ್ನೊಂದು ಕೇಳಿಸಬಹುದು. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ: ಒಂದು, ಐದು.

ಮೂರನೆಯ ಮಾತು, ಅಂದರೆ ನನಗೆ ಏನನಿಸುತ್ತದೆ ಅನ್ನುವುದು, ಕಿರಿಯರ ಬಾಯಿಂದ ಸುಲಭವಾಗಿ ಬರುವುದಿಲ್ಲ. "ನಾ ಏನ್ ಹೇಳ್ಲಿ ಸರ್, ನೀವು ಹೇಳ್ರಿ" ಅಂತ ನಿಲ್ಲುತ್ತಾರೆ. ಅಲ್ಲಿ ಡಾಕ್ಟರ್ ಒಂದು ಕ್ಷಣ ಕಾದು "ನಿಮಗ ಏನ್ ಅನಸ್ತೈತಿ ಸಿಸ್ಟರ್?" ಅಂತ ಕೇಳಿದರೆ ಮುಂದಿನ ಸಲ ತಾವಾಗೇ ಹೇಳುತ್ತಾರೆ. ಆಯಾಗಳಿಗೂ ಇದೇ ಕ್ರಮ ಕಲಿಸಿ. ಅವರಿಗೆ ನಾಲ್ಕೂ ಬೇಡ, ಮೊದಲನೆಯದು ಮತ್ತು ಮೂರನೆಯದು ಸಾಕು.

4. ವಾರಕ್ಕೊಮ್ಮೆ ಎಲ್ಲರೂ ಕೂರುವುದು

ಇದು ನಿಲ್ಲುವುದು ಎರಡು ಕಾರಣಕ್ಕೆ. ಡ್ಯೂಟಿ ಮುಗಿದ ಮೇಲೆ ಇಡುತ್ತಾರೆ, ಮತ್ತು ದೊಡ್ಡವರೇ ಮಾತಾಡುತ್ತಾರೆ.

ಮೊದಲನೆಯದಕ್ಕೆ ಮದ್ದು: ಡ್ಯೂಟಿ ಒಳಗೇ ಇಡಿ. ಬೆಳಗಿನ ವಿಸಿಟ್ ಮುಗಿದು ಸಂಜೆಯದು ಶುರುವಾಗುವ ನಡುವೆ, ಊಟ ಆದ ಮೇಲೆ, ಅರ್ಧ ಗಂಟೆ. ಸಂಬಳದ ಸಮಯದಲ್ಲಿ. ಸಂಜೆ ಆರಕ್ಕೆ ಕರೆದರೆ ಕುಂದಗೋಳದ ಬಸ್ ಹಿಡಿಯಬೇಕಾದ ಆಯಾ ಗಡಿಯಾರ ನೋಡುತ್ತಾ ಕೂರುತ್ತಾರೆ, ಮಾತೆಲ್ಲಿ ಬರುತ್ತದೆ? ಚಹಾದ ಜೊತೆ ಗಿರ್ಮಿಟ್ ತರಿಸಿದರೆ ಹಾಜರಿ ಸುಧಾರಿಸುತ್ತದೆ, ಇದು ತಮಾಷೆಯಲ್ಲ. ಆಡಳಿತದವರು ದಿನಕ್ಕೆ ಎಷ್ಟು ವಿಸಿಟ್ ಆಯಿತು ಅನ್ನುವುದನ್ನು ಮಾತ್ರ ಎಣಿಸುವುದಾದರೆ ಈ ಅರ್ಧ ಗಂಟೆ ಅವರಿಗೆ ದಂಡ ಅನಿಸುತ್ತದೆ. ಅವರ ಜೊತೆ ಇದನ್ನು ಮೊದಲೇ ಮಾತಾಡಿ ಮುಗಿಸಿ. ಇಲ್ಲದಿದ್ದರೆ ಕೆಲಸ ಜಾಸ್ತಿಯಾದ ಮೊದಲ ವಾರವೇ ರದ್ದಾಗುತ್ತದೆ.

ಎರಡನೆಯದಕ್ಕೆ: ಮಾತಾಡುವ ಸರದಿ ಕೆಳಗಿನಿಂದ ಮೇಲೆ. ಮೊದಲು ಡ್ರೈವರ್, ಆಮೇಲೆ ಆಯಾಗಳು, ಅಟೆಂಡರ್, ಫಿಜಿಯೋ, ಸಿಸ್ಟರ್ ಮತ್ತು ಬ್ರದರ್, ಕೊನೆಗೆ ಡಾಕ್ಟರ್. ಡಾಕ್ಟರ್ ಮೊದಲು ಬಾಯಿ ತೆರೆದರೆ ಉಳಿದವರು ಹೌದು ಅನ್ನುತ್ತಾರೆ, ಅಷ್ಟೇ. ಡ್ರೈವರ್ ಯಾಕೆ ಅಂತ ಕೇಳಬೇಡಿ. ಮಳೆಗಾಲದಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ ಏರಿದರೆ ನವಲಗುಂದ ಕಡೆಯ ಯಾವ ಊರಿಗೆ ಗಾಡಿ ಹೋಗುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಅಲ್ಲಿ ಮೂತ್ರದ ಕ್ಯಾಥೆಟರ್, ಊಟ ಕೊಡುವ ಫೀಡಿಂಗ್ ನಳಿಗೆ ಇರುವ ಪೇಷಂಟ್ ಇದ್ದರೆ ಮೋಡ ಕಟ್ಟುವ ಮೊದಲೇ ಸಾಮಾನು ತಲುಪಿಸಿ ಇಡಬೇಕು. ಚೆನ್ನಮ್ಮ ಸರ್ಕಲ್ ಸುತ್ತ ಗಾಡಿ ಯಾವ ಹೊತ್ತಿಗೆ ಸಿಕ್ಕಿಬೀಳುತ್ತದೆ ಅನ್ನುವುದೂ ಅವರಿಗೇ ಗೊತ್ತು. ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ದಾರಿಗೆ ಹತ್ತಿರದ ಮನೆಗಾದರೆ ಚಿಗರಿ ಬಸ್ಸಿನಲ್ಲೇ ಕಳಿಸಿ ಅಂತ ಸಲಹೆ ಕೊಡುವವರೂ ಅವರೇ.

ಪ್ರತಿಯೊಬ್ಬರೂ ಒಂದೇ ವಿಷಯ ಹೇಳಬೇಕು: ಈ ವಾರ ಒಂದು ಮನೆಯಲ್ಲಿ ಕಂಡ, ಬೇರೆಯವರಿಗೂ ಉಪಯೋಗವಾಗುವ ಒಂದು ಸಂಗತಿ. ಏನೂ ಇಲ್ಲದಿದ್ದರೆ "ಇಲ್ಲ" ಅನ್ನಬಹುದು, ಒತ್ತಾಯ ಬೇಡ. ಎಂಥ ಸಂಗತಿಗಳು ಬರುತ್ತವೆ ನೋಡಿ.

ಮೂಗಿನ ನಳಿಗೆ ಪದೇ ಪದೇ ಬ್ಲಾಕ್ ಆಗುವ ಮನೆ. ಸೋಸದ ಜೋಳದ ನುಚ್ಚು ಹಾಕುತ್ತಿದ್ದರು ಅಂತ ಕಂಡುಕೊಂಡದ್ದು ಅಟೆಂಡರ್. "ಹೊಟ್ಟಿ ತುಂಬಬೇಕಲ್ರೀ, ನೀರಿನಂಥಾದ್ದು ಕೊಟ್ರ ಏನ್ ಹತ್ತತೈತಿ?" ಅಂತ ಮನೆಯವರ ವಾದ. ಅದಕ್ಕೆ ಉತ್ತರ ಕೊಟ್ಟದ್ದು ಇನ್ನೊಂದು ಮನೆಯ ಆಯಾ: ಅಲ್ಲಿ ರಾಗಿ ಅಂಬಲಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಡುತ್ತಾರೆ, ಕೊಡುವ ಮೊದಲೂ ಆಮೇಲೂ ನೀರು ಬಿಡುತ್ತಾರೆ, ಅಲ್ಲಿ ನಳಿಗೆ ಕಟ್ಟುವುದಿಲ್ಲ. ಸಿಸ್ಟರ್ ಅದಕ್ಕೆ ಸೇರಿಸಿದ್ದು: ನೀರು ಸುಮಾರು 30 ಎಂಎಲ್ ಇರಲಿ, ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿರಲಿ, ಆದ ಮೇಲೆ ಅರ್ಧದಿಂದ ಒಂದು ಗಂಟೆ ಮಲಗಿಸಬೇಡಿ. ಡಾಕ್ಟರ್ ಸೇರಿಸಿದ್ದು: ಎಲ್ಲ ಮಾತ್ರೆಯನ್ನೂ ಪುಡಿ ಮಾಡಿ ಹಾಕಬೇಡಿ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ದೇಹಕ್ಕೆ ಹೋಗುತ್ತದೆ. ಐದು ನಿಮಿಷದಲ್ಲಿ ನಾಲ್ವರು ಸೇರಿ ಒಂದು ಪಾಠ ಮಾಡಿದರು. ಪುಸ್ತಕದಲ್ಲಿ ಇದರ ಮುಕ್ಕಾಲು ಭಾಗ ಇದೆ, ನುಚ್ಚು ಮತ್ತು ಬಟ್ಟೆ ಮಾತ್ರ ಇಲ್ಲ.

ಬೆಡ್ ಸೋರ್, ಅಂದರೆ ಮಲಗಿದಲ್ಲೇ ಇರುವವರ ಮೈಗೆ ಆಗುವ ಹುಣ್ಣು, ಅದರ ವಿಷಯವೂ ಹಾಗೇ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ರಾತ್ರಿ ಯಾರು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಆಯಾ ಹಗಲಿನವರು, ರಾತ್ರಿ ಇರುವುದು ಎಪ್ಪತ್ತು ದಾಟಿದ ಹೆಂಡತಿ. ಆಕೆಯ ಕೈಲಿ ಗಂಡನನ್ನು ಹೊರಳಿಸೋಕೆ ಆಗುವುದಿಲ್ಲ ಅನ್ನುವುದು ಆಯಾಗೆ ಗೊತ್ತು. ಮಡಚಿದ ಚಾದರವನ್ನು ಕೆಳಗೆ ಹಾಕಿ ಎಳೆಯುವ ಬಗೆ ಫಿಜಿಯೋಗೆ ಗೊತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತಾಗ ಮಾತ್ರ ಇವೆರಡೂ ಸೇರುತ್ತವೆ. ಇನ್ನೊಂದು: ಒತ್ತಿದರೂ ಬಿಳಿಚದ ಕೆಂಪು ಮೊದಲ ಲಕ್ಷಣ ಅಂತ ಪಾಠದಲ್ಲಿರುತ್ತದೆ. ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಕೈಯಿಟ್ಟು ನೋಡಬೇಕು, ಸುತ್ತಲಿಗಿಂತ ಬಿಸಿ ಇದೆಯೇ, ಗಟ್ಟಿ ಇದೆಯೇ, ಮೆತ್ತಗಾಗಿದೆಯೇ ಅಂತ. ಇದನ್ನು ಹೇಳಿ ತಿಳಿಸುವುದಕ್ಕಿಂತ ಒಂದು ಸಲ ಕೈ ಹಿಡಿದು ತೋರಿಸುವುದು ಮೇಲು.

ಕೂಟದ ಕೊನೆಗೆ ಒಬ್ಬರು ಅರ್ಧ ಪುಟ ಬರೆದು ಗೋಡೆಗೆ ಅಂಟಿಸಲಿ. ಸರದಿ ಪ್ರಕಾರ, ಯಾವಾಗಲೂ ಒಬ್ಬರೇ ಬೇಡ.

5. ಜೋಡಿ ವಿಸಿಟ್

ಕೆಲವು ವಿದ್ಯೆ ಬಾಯಿಂದ ಬರುವುದಿಲ್ಲ. ಸೆಟೆದ ಕೈಯನ್ನು ನೋವಾಗದಂತೆ ಬಿಡಿಸುವುದು, ಡ್ರೆಸಿಂಗ್ ತೆಗೆಯುವಾಗ ಅಜ್ಜನನ್ನು ಹೊಲದ ಮಾತಿಗೆ ಎಳೆಯುವುದು, ಬೇಡ ಅನ್ನುವ ಸೊಸೆಯ ಎದುರು ಸಿಟ್ಟಾಗದೆ ನಿಲ್ಲುವುದು. ಜೊತೆಗೆ ಹೋಗಿ ನೋಡಬೇಕು.

ಹೊಸಬರು ಒಂದು ಮನೆಯನ್ನು ವಹಿಸಿಕೊಳ್ಳುವ ಮೊದಲು ಎರಡು ಜೋಡಿ ವಿಸಿಟ್ ಇರಲಿ. ಮೊದಲನೆಯದರಲ್ಲಿ ಹಳಬರು ಮಾಡುತ್ತಾರೆ, ಹೊಸಬರು ನೋಡುತ್ತಾರೆ. ಎರಡನೆಯದರಲ್ಲಿ ಉಲ್ಟಾ. ಕೆಲಸ ಬಿಟ್ಟು ಹೋಗುವವರ ನೋಟಿಸ್ ಅವಧಿಯಲ್ಲೂ ಇದೇ ಮಾಡಿಸಿ. ಕೊನೆಯ ದಿನದವರೆಗೂ ಅವರಿಂದ ವಿಸಿಟ್ ಮಾಡಿಸಿಕೊಂಡು, ಹೋಗುವಾಗ ಹಾರ ಹಾಕಿ ಕಳಿಸಿದರೆ ನಾಳೆಯಿಂದ ಆ ಮನೆಗಳ ಗತಿಯೇನು?

6. ಫೋನ್ ಗ್ರೂಪ್ ಮತ್ತು ಫೋಟೋ

ವಾಟ್ಸಾಪ್ ಗ್ರೂಪ್ ಎಲ್ಲ ಕಡೆ ಇದೆ. ಬೇಡ ಅಂದರೂ ನಿಲ್ಲುವುದಿಲ್ಲ, ಹಾಗಾಗಿ ನಿಯಮ ಹಾಕುವುದೇ ಸರಿ. ಗುಡ್ ಮಾರ್ನಿಂಗ್ ಹೂವು ಇಲ್ಲ. ಪೇಷಂಟ್ ಹೆಸರಿಲ್ಲ, ಮನೆ ನಂಬರ್ ಮಾತ್ರ. ತುರ್ತಿನ ವಿಷಯ ಗ್ರೂಪಿಗೆ ಹಾಕಿ ಸುಮ್ನೆ ಕೂರಬೇಡಿ, ಫೋನ್ ಮಾಡಿ. ಔಷಧಿ ಬದಲಾವಣೆ ಗ್ರೂಪಿನಲ್ಲಿ ಮಾತ್ರ ಇದ್ದು ಮನೆಯ ಹಾಳೆಯಲ್ಲಿ ಇಲ್ಲದಿದ್ದರೆ ಅದು ಆಗಿಲ್ಲ ಅಂತಲೇ ಲೆಕ್ಕ.

ಗಾಯದ ಫೋಟೋ ತುಂಬ ಉಪಯೋಗದ್ದು, ಸರಿಯಾಗಿ ತೆಗೆದರೆ. ಪಕ್ಕದಲ್ಲಿ ಪೇಪರ್ ಸ್ಕೇಲ್ ಇಡಿ, ಪ್ರತಿ ಸಲ ಅಷ್ಟೇ ದೂರ, ಅಂಥದೇ ಬೆಳಕು. ಮುಖ ಬೇಡ, ಗೋಡೆಯ ಮೇಲಿನ ಮನೆಯವರ ಫೋಟೋ ಕೂಡ ಬರಬಾರದು. ಪೇಷಂಟ್ ಒಪ್ಪಿಗೆ ಮೊದಲು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿಲ್ಲದಿದ್ದರೆ ಮನೆಯವರದ್ದು, ಬರಹದಲ್ಲಿ. ಆಸ್ಪತ್ರೆಯ ಫೋನಿನಲ್ಲಿ ತೆಗೆಯುವುದು ಒಳ್ಳೆಯದು. ಸ್ವಂತ ಫೋನಾದರೆ ಗ್ಯಾಲರಿಗೆ ತಾನಾಗೇ ಸೇರಿ, ಅಲ್ಲಿಂದ ಮಕ್ಕಳ ಕೈಗೆ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಕೆಲಸ ಬಿಟ್ಟವರನ್ನು ಅದೇ ದಿನ ಗ್ರೂಪಿನಿಂದ ತೆಗೆಯಿರಿ.

ಎಚ್‌ಐವಿ ವಿಷಯ ಗ್ರೂಪಿಗೆ ಬರಲೇಬಾರದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಹೀಗೆ ಬಹಿರಂಗ ಮಾಡುವ ಹಾಗಿಲ್ಲ. "ಮತ್ತ ನಮ್ಮ ರಕ್ಷಣೆ?" ಅಂತ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಎಲ್ಲ ಮನೆಯಲ್ಲೂ, ಎಲ್ಲರಿಗೂ ಒಂದೇ ಎಚ್ಚರಿಕೆ: ಗ್ಲೌಸ್ ಹಾಕಿ, ಸೂಜಿಗೆ ಮುಚ್ಚಳ ತಿರುಗಿ ಹಾಕಬೇಡಿ, ಸೂಜಿಗಳನ್ನು ಚುಚ್ಚಿ ಹೊರಬರದ ಬಿಳಿ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ವಾಪಸ್ ತನ್ನಿ. ಮನೆಯ ಕಸದ ಜೊತೆ ಕೊಟ್ಟರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಯಾಗಳಿಗೂ ಆಗಿದೆಯೇ ನೋಡಿ, ಬಹಳ ಕಡೆ ಅವರನ್ನು ಬಿಟ್ಟಿರುತ್ತಾರೆ.

7. ತಪ್ಪಾದಾಗ, ತಪ್ಪಾಗುವುದರಲ್ಲಿದ್ದಾಗ

ಮಾತ್ರೆ ತಪ್ಪಿತು, ಪೇಷಂಟ್ ಬಿದ್ದರು, ಸೂಜಿ ಚುಚ್ಚಿತು. ಇವು ಮುಚ್ಚಿಹೋಗುವುದು ಭಯಕ್ಕೆ. ಹೇಳಿದ ಕೂಡಲೇ ಮೆಮೋ ಕೊಟ್ಟರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಬೇಕಂತಲೇ ಮಾಡಿದ್ದಕ್ಕೂ ಕೈತಪ್ಪಿ ಆದದ್ದಕ್ಕೂ ವ್ಯತ್ಯಾಸ ಇರಲಿ.

ಕೇಳುವ ಕ್ರಮ ಹೀಗಿರಲಿ: ಏನಾಯಿತು, ಆ ಹೊತ್ತಿನಲ್ಲಿ ಏನೇನು ಇತ್ತು, ಇನ್ನೊಂದು ಮನೆಯಲ್ಲೂ ಹೀಗಾಗಬಹುದೇ. "ಯಾರು ಮಾಡಿದ್ದು" ಅನ್ನುವುದು ವಾರದ ಕೂಟಕ್ಕೆ ಬೇಡ. ಸಿರಿಂಜಿನ ಮುಚ್ಚಳದ ಘಟನೆಯಿಂದ ಹೊರಟ ಕೆಲಸ ಏನು ಗೊತ್ತೇ? ಇನ್ಸುಲಿನ್ ಇರುವ ಎಲ್ಲ ಮನೆಗೂ ಹೋಗಿ, ಸೀಸೆಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇದೆಯೇ ಅಂತ ನೋಡಿದ್ದು. ಬಣ್ಣ ಒಂದನ್ನೇ ನಂಬದೆ ಅಂಕಿ ಓದಲು ಆಯಾಗಳಿಗೂ ಮನೆಯವರಿಗೂ ಹೇಳಿಕೊಟ್ಟದ್ದು. ಹೋದ ಮನೆಯಲ್ಲೇ ಇನ್ಸುಲಿನ್ ಇಡುವ ಜಾಗವೂ ನೋಡಲು ಸಿಕ್ಕಿತು. ಫ್ರಿಡ್ಜ್ ಇಲ್ಲದ ಮನೆಯಲ್ಲಿ ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಚಿಕ್ಕ ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ ತಂಪಾಗಿಡಬಹುದು. ಏಪ್ರಿಲ್-ಮೇ ಬಿಸಿಲಿಗೆ ಇದು ಬೇಕಾಗುತ್ತದೆ. ತೆರೆದ ಸೀಸೆಯ ಮೇಲೆ ತೆರೆದ ತಾರೀಕು ಬರೆಯಿರಿ. ಸಾಮಾನ್ಯವಾಗಿ 28 ದಿನ ಆದ ಮೇಲೆ ಅದನ್ನು ಬಳಸುವುದಿಲ್ಲ.

ಸೂಜಿ ಚುಚ್ಚಿದರೆ ಮಾತ್ರ ವಾರದ ಕೂಟಕ್ಕೆ ಕಾಯಬೇಡಿ. ಹಿಂಡಬೇಡಿ, ಸೋಪು-ನೀರಿನಲ್ಲಿ ತೊಳೆದು ಅಲ್ಲಿಂದಲೇ ಫೋನ್ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು.

8. ಹೇಳಲು ನಾಚಿಕೆ ಪಡುವ ಮಾತು

ಒಬ್ಬರೇ ಹೋಗುವ ಸಿಸ್ಟರ್‌ಗಳಿಗೆ, ಆಯಾಗಳಿಗೆ ಕೆಲವು ಮನೆಗಳಲ್ಲಿ ಕಿರಿಕಿರಿ ಆಗುತ್ತದೆ. ಪೇಷಂಟ್‌ನಿಂದಲ್ಲ, ಹೆಚ್ಚಾಗಿ ಮನೆಯಲ್ಲಿರುವ ಇನ್ನೊಬ್ಬರಿಂದ. ಈ ಮಾಹಿತಿ ಆಯಾಗಳ ನಡುವೆ ಪಿಸುಮಾತಿನಲ್ಲಿ ಓಡಾಡುತ್ತಿರುತ್ತದೆ, ಡ್ಯೂಟಿ ಹಾಕುವವರಿಗೆ ಮಾತ್ರ ತಲುಪುವುದಿಲ್ಲ. ಹೊಸ ಹುಡುಗಿಯನ್ನು ಅದೇ ಮನೆಗೆ ಕಳಿಸುತ್ತಾರೆ.

ಇದಕ್ಕೆ ಒಬ್ಬ ಮಹಿಳಾ ಸೀನಿಯರ್‌ನ್ನು ಗೊತ್ತು ಮಾಡಿ, ನೇರ ಅವರಿಗೇ ಹೇಳುವ ಹಾಗೆ. ಹಾಳೆಯಲ್ಲಿ ಬರೆಯಬೇಡಿ. ಆಫೀಸಿನ ಪ್ರತಿಯಲ್ಲಿ "ಇಬ್ಬರು ಸೇರಿಯೇ ಹೋಗಬೇಕು" ಅಂತ ಒಂದು ಗುರುತು ಸಾಕು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ಸಲುವಾಗಿ ಹೋಗುವ ಜಾಗವೂ ಕೆಲಸದ ಜಾಗವೇ, ಆಸ್ಪತ್ರೆ ಕೊಡುವ ಗಾಡಿ ಕೂಡ. "ಅದು ಅವರ ಮನೆ, ನಾವೇನು ಮಾಡೋಕಾಗುತ್ತೆ" ಅಂತ ಆಸ್ಪತ್ರೆ ಕೈ ತೊಳೆದುಕೊಳ್ಳುವಂತಿಲ್ಲ.

9. ಪೇಷಂಟ್ ತೀರಿಕೊಂಡರೆ

ಯಾರಿಗೆ ಮೊದಲು ಗೊತ್ತಾಗುತ್ತದೋ ಅವರು ಕೋಆರ್ಡಿನೇಟರ್‌ಗೆ, ಕೋಆರ್ಡಿನೇಟರ್ ಆ ಮನೆಗೆ ಹೋಗುವ ಎಲ್ಲರಿಗೂ, ಒಬ್ಬೊಬ್ಬರಿಗೆ ಫೋನ್ ಮಾಡಿ. ಮರುದಿನ ಬೆಳಿಗ್ಗೆ ಫಿಜಿಯೋ ಏನೂ ಗೊತ್ತಿಲ್ಲದೆ ಬಾಗಿಲು ಬಡಿಯುವಂತಾಗಬಾರದು. ಬಾಡಿಗೆ ಮಂಚ, ಸಿಲಿಂಡರ್ ತರಲು ಕಾರ್ಯ ಮುಗಿಯುವವರೆಗೆ ಗಾಡಿ ಕಳಿಸಬೇಡಿ. ಬಿಲ್ಲೂ ಅಷ್ಟೇ. ತಿಂಗಳುಗಟ್ಟಲೆ ಆ ಮನೆಯಲ್ಲಿದ್ದ ಆಯಾಗೆ ಒಂದು ದಿನ ರಜೆ ಕೊಟ್ಟು ಹೋಗಿ ಬರಲು ಬಿಡಿ.

10. ಗದಗ, ಹಾವೇರಿಯಂಥ ಕಡೆ ತಂಡ ಚಿಕ್ಕದಿದ್ದರೆ

ಇಬ್ಬರು ಸಿಸ್ಟರ್, ಒಬ್ಬ ಬ್ರದರ್ ಇರುವ ಕಡೆ ವಾರದ ಕೂಟ ಬೇಗ ಬರಿದಾಗುತ್ತದೆ. ಹತ್ತಿರದ ಇನ್ನೊಂದು ಆಸ್ಪತ್ರೆಯವರ ಜೊತೆ ಸೇರಿಕೊಳ್ಳಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2003ರಲ್ಲಿ ಶುರುವಾದ ಪ್ರಾಜೆಕ್ಟ್ ಎಕೋ ಅನ್ನುವ ಪದ್ಧತಿಯಲ್ಲಿ ದೂರದೂರದ ಆರೋಗ್ಯ ಕಾರ್ಯಕರ್ತರು ವಿಡಿಯೋದಲ್ಲಿ ಸೇರಿ, ತಮ್ಮ ತಮ್ಮ ಕೇಸ್ ಇಟ್ಟು ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ದಾರಿಯಲ್ಲಿ ತರಬೇತಿ ಕೊಡುತ್ತಿದೆ. ಅದರ ಚಿಕ್ಕ ರೂಪವನ್ನು ಯಾರೂ ಮಾಡಬಹುದು: ಒಂದು ಕೇಸ್, ಹೆಸರಿಲ್ಲದೆ, ಹದಿನೈದು ದಿನಕ್ಕೊಮ್ಮೆ.

ತಂಡ ದೊಡ್ಡದಿದ್ದರೆ ತೊಂದರೆ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ 2006ರಲ್ಲಿ ಶುರುವಾದ ಬ್ಯೂರ್ಟ್‌ಜೋರ್ಗ್ ಅನ್ನುವ ಹೋಮ್ ಕೇರ್ ಸಂಸ್ಥೆ ಒಂದು ತಂಡದಲ್ಲಿ ಹನ್ನೆರಡಕ್ಕಿಂತ ಜಾಸ್ತಿ ನರ್ಸ್‌ಗಳನ್ನು ಇಡುವುದಿಲ್ಲ. ಹುಬ್ಬಳ್ಳಿಗೊಂದು, ಧಾರವಾಡಕ್ಕೊಂದು ಗುಂಪು ಮಾಡಿ, ತಿಂಗಳಿಗೊಮ್ಮೆ ಎರಡೂ ಸೇರಿದರೆ ಸಾಕು.

ಆ್ಯಪ್ ತಗೋಬೇಕಾ?

ಇದನ್ನು ಎಲ್ಲರೂ ಕೇಳುತ್ತಾರೆ. ತಗೊಳ್ಳಿ, ಆದರೆ ಈಗಲೇ ಬೇಡ. ಮೊದಲು ಮೂರು ತಿಂಗಳು ಕಾಗದದ ಹಾಳೆ ಮತ್ತು ವಾರದ ಕೂಟ ನಡೆಸಿ. ಹಾಳೆಯಲ್ಲಿ ಯಾವ ಸಾಲು ತುಂಬುತ್ತದೆ, ಯಾವುದು ಖಾಲಿ ಉಳಿಯುತ್ತದೆ ಅಂತ ಆಗ ಗೊತ್ತಾಗುತ್ತದೆ. ಆ್ಯಪ್ ಮಾಡುವವರಿಗೆ ಹೇಳಲು ನಿಮ್ಮ ಬಳಿ ಆಗ ಏನಾದರೂ ಇರುತ್ತದೆ. ಕನ್ನಡದಲ್ಲಿ ಇರಬೇಕು, ಟೈಪ್ ಮಾಡಲು ಬಾರದವರು ಮಾತಾಡಿ ದಾಖಲಿಸುವಂತಿರಬೇಕು, ನೆಟ್‌ವರ್ಕ್ ಇಲ್ಲದ ಊರಿನಲ್ಲೂ ತೆರೆಯಬೇಕು. ಖರೀದಿಗೆ ಮೊದಲು ಒಬ್ಬ ಆಯಾ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ, ಇವತ್ತು ಕಂಡ ಒಂದು ವಿಷಯ ಅದರಲ್ಲಿ ಹಾಕಿ ಅನ್ನಿ. ಅವರಿಗೆ ಐದು ನಿಮಿಷದಲ್ಲಿ ಆಗದಿದ್ದರೆ ಆ ಆ್ಯಪ್ ಬೇಡ.